ಚಿಕ್ಕ ಪೆಟ್ಟಿಗೆಯ ಚೊಕ್ಕ ಲೆಕ್ಕ

ಪಿಯುಸಿ ಮುಗಿಸಿದ ಮಗನೋ ಮಗಳೋ ಕಂಪ್ಯೂಟರ್ ಬೇಕೆಂದು ಕೇಳುವುದು ಹೊಸದಲ್ಲ. ಆದರೆ ಈಗಿನ ಬೇಡಿಕೆಯ ಧಾಟಿಯೇ ಬೇರೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಬೇಡ, ಬಿಡಿಭಾಗಗಳನ್ನು ಆರಿಸಿ ತಂದು ಜೋಡಿಸಬೇಕು. ಹೊಸ ಆಟಗಳನ್ನು ಆಡಿಸುವಷ್ಟು ಬಲವಿರಬೇಕು. ಓದುವ ಮೇಜಿನ ಮೂಲೆಯಲ್ಲೋ ಹಾಸ್ಟೆಲ್ ಕೋಣೆಯಲ್ಲೋ ಹಿಡಿಸುವಷ್ಟು ಚಿಕ್ಕದಾಗಿಯೂ ಇರಬೇಕು. ಈ ಮೂರೂ ಕೂಡಿಬರುವುದು ಅಸಾಧ್ಯವೇನಲ್ಲ. ಆದರೆ ದೊಡ್ಡ ಪೆಟ್ಟಿಗೆಯಲ್ಲಿ ನಡೆದುಹೋಗುವ ತಪ್ಪು ಚಿಕ್ಕ ಪೆಟ್ಟಿಗೆಯಲ್ಲಿ ನಡೆಯದು. ಒಂದು ಭಾಗದ ಆಯ್ಕೆ ತಪ್ಪಿದರೆ ಉಳಿದ ಎಲ್ಲ ಭಾಗಗಳಿಗೂ ಅದರ ಬಿಸಿ ತಟ್ಟುತ್ತದೆ. ಇಲ್ಲಿ ಬಿಸಿ ಎಂಬುದು ಬರೀ ಮಾತಿನ ಅಲಂಕಾರವಲ್ಲ.

ಹಣ ಕೊಡುವವರು ತಂದೆ ತಾಯಿ. ಪೆಟ್ಟಿಗೆಯೊಳಗೆ ಏನಿರಬೇಕೆಂದು ಹೇಳುವವರು ಮಕ್ಕಳು. ಇಬ್ಬರೂ ಒಟ್ಟಿಗೆ ಕುಳಿತು ಪ್ರೌಢಶಾಲೆಯ ಭೌತಶಾಸ್ತ್ರವನ್ನು ಸ್ವಲ್ಪ ನೆನಪಿಸಿಕೊಂಡರೆ ಸಾಕು, ಮನೆಯ ಹತ್ತಾರು ಸಾವಿರ ರೂಪಾಯಿ ಸರಿಯಾದ ಕಡೆ ಸಂದಾಯವಾಗುತ್ತದೆ.

ವಿದ್ಯುತ್ತೆಲ್ಲವೂ ಶಾಖವೇ

ಪಂಪ್‌ಸೆಟ್ಟು ವಿದ್ಯುತ್ತನ್ನು ಬಳಸಿ ನೀರನ್ನು ಮೇಲೆತ್ತುತ್ತದೆ. ಕಂಪ್ಯೂಟರ್ ಯಾವ ಭಾರವನ್ನೂ ಎತ್ತುವುದಿಲ್ಲ. ಲೆಕ್ಕ ಮಾಡಲು ಅದು ಬಳಸಿದ ವಿದ್ಯುತ್ತು ಬಹುಪಾಲು ಕೊನೆಗೆ ಶಾಖವಾಗಿಯೇ ಹೊರಬರಬೇಕು. ಶಕ್ತಿ ಸಂರಕ್ಷಣೆಯ ನಿಯಮಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು.

ಒಂದು ಮಧ್ಯಮ ದರ್ಜೆಯ ಯಂತ್ರವನ್ನೇ ತೆಗೆದುಕೊಳ್ಳೋಣ. 2023ರಲ್ಲಿ ಬಂದ ಎಎಂಡಿ ಕಂಪನಿಯ ರೈಜೆನ್ 5 7600 ಪ್ರೊಸೆಸರ್ 65 ವಾಟ್ ದರ್ಜೆಯದು. ಆದರೆ ಪೂರ್ಣ ಹೊರೆಯಲ್ಲಿ ಅದು 88 ವಾಟ್‌ವರೆಗೆ ಎಳೆದುಕೊಳ್ಳಬಲ್ಲದು. ಡಬ್ಬಿಯ ಮೇಲಿನ ಅಂಕಿಯೇ ಅಂತಿಮವಲ್ಲ ಎಂಬುದಕ್ಕೆ ಇದೇ ನಿದರ್ಶನ. 2025ರ ಎನ್‌ವಿಡಿಯಾ ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡಿಗೆ 145 ವಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ ಒಟ್ಟಾಗಿ 50 ವಾಟ್ ಎಂದಿಟ್ಟುಕೊಂಡರೆ ಮೊತ್ತ 283 ವಾಟ್. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನ ದಕ್ಷತೆ ಶೇ. 90 ಆದರೆ ಗೋಡೆಯ ಸಾಕೆಟ್ಟಿನಿಂದ ಸುಮಾರು 315 ವಾಟ್ ಬರಬೇಕು. ಅಂದರೆ ಸೆಕೆಂಡಿಗೆ 315 ಜೌಲ್ ಶಾಖ.

ಈ ಶಾಖವನ್ನು ಹೊತ್ತೊಯ್ಯಬೇಕಾದದ್ದು ಗಾಳಿ. ಒಂದು ಲೀಟರ್ ಗಾಳಿಯ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 1.2 ಜೌಲ್ ಸಾಕು. ಒಳಗೆ ಹೋದ ಗಾಳಿ 10 ಡಿಗ್ರಿ ಬಿಸಿಯಾಗಿ ಹೊರಬರಬಹುದು ಎಂದು ಒಪ್ಪಿಕೊಂಡರೆ ಪ್ರತಿ ಲೀಟರೂ 12 ಜೌಲ್ ಒಯ್ಯುತ್ತದೆ. 315 ಜೌಲ್ ಸಾಗಿಸಲು ಸೆಕೆಂಡಿಗೆ ಸುಮಾರು 26 ಲೀಟರ್ ಗಾಳಿ ಬೇಕು. ಪೆಟ್ಟಿಗೆಯ ಗಾತ್ರ 15 ಲೀಟರ್ ಆಗಿದ್ದರೆ ಅದರೊಳಗಿನ ಗಾಳಿಯೆಲ್ಲ ಪ್ರತಿ ಸೆಕೆಂಡಿಗೆ ಒಂದೂಮುಕ್ಕಾಲು ಸಲ ಬದಲಾಗುತ್ತಿರಬೇಕು!

ದೊಡ್ಡ ಪೆಟ್ಟಿಗೆಗೂ ಬೇಕಾಗುವುದು ಇಷ್ಟೇ ಗಾಳಿ. ಆದರೆ ಅಲ್ಲಿ ದಾರಿ ವಿಶಾಲ, ಫ್ಯಾನು ದೊಡ್ಡದು, ನಿಧಾನವಾಗಿ ತಿರುಗಿದರೂ ನಡೆಯುತ್ತದೆ. ಚಿಕ್ಕದರಲ್ಲಿ ದಾರಿ ಇಕ್ಕಟ್ಟು, ಫ್ಯಾನು ಸಣ್ಣದು, ವೇಗವಾಗಿ ತಿರುಗಲೇಬೇಕು. ವೇಗ ಹೆಚ್ಚಿದಂತೆ ಸದ್ದೂ ಹೆಚ್ಚುತ್ತದೆ. ಗಾಳಿ ಸಾಲದಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಮೇಲೆ ಹೇಳಿದ ಪ್ರೊಸೆಸರ್‌ಗೆ ಆ ಮಿತಿ 95 ಡಿಗ್ರಿ. ಹೆಚ್ಚು ದುಡ್ಡು ಕೊಟ್ಟು ತಂದ ವೇಗ ಆಗ ಉಪಯೋಗಕ್ಕೆ ಬರುವುದೇ ಇಲ್ಲ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಕೋಣೆಯ ಗಾಳಿಯೇ 38 ಡಿಗ್ರಿ ಇದ್ದರೆ ಪೆಟ್ಟಿಗೆಯಿಂದ ಹೊರಬರುವುದು 48 ಡಿಗ್ರಿಯ ಗಾಳಿ. ಅಲ್ಲಿನವರು ಈ ಲೆಕ್ಕವನ್ನು ಇನ್ನೂ ಬಿಗಿಯಾಗಿ ಮಾಡಬೇಕು.

ಆಯ್ಕೆ ಎಲ್ಲಿಂದ ಶುರು?

ಹೆಚ್ಚಿನ ಹುಡುಗರು ಗ್ರಾಫಿಕ್ಸ್ ಕಾರ್ಡಿನಿಂದ ಶುರು ಮಾಡುತ್ತಾರೆ. ಮೊದಲು ನಿರ್ಧಾರವಾಗಬೇಕಾದದ್ದು ಮಾನಿಟರ್. 1920 ಅಡ್ಡ, 1080 ಉದ್ದದ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. ಸೆಕೆಂಡಿಗೆ 60 ಚಿತ್ರಗಳಂತೆ ತೋರಿಸಲು 12 ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣವನ್ನು ಕಾರ್ಡು ಪ್ರತಿ ಸೆಕೆಂಡಿಗೂ ನಿರ್ಧರಿಸಬೇಕು. 4ಕೆ ಎಂದು ಕರೆಯುವ ಪರದೆಯಲ್ಲಿ ಚುಕ್ಕೆಗಳು ಇದರ ನಾಲ್ಕರಷ್ಟು. ಮಾನಿಟರ್ ದೊಡ್ಡ ದರ್ಜೆಯದಾದರೆ ಕಾರ್ಡು ದೊಡ್ಡದಾಗಬೇಕು, ಕಾರ್ಡು ದೊಡ್ಡದಾದರೆ ಶಾಖ ಹೆಚ್ಚಬೇಕು, ಶಾಖ ಹೆಚ್ಚಿದರೆ ಪೆಟ್ಟಿಗೆ ಹಿಗ್ಗಬೇಕು. ಅದೇ 2025ರಲ್ಲಿ ಬಂದ ಆರ್‌ಟಿಎಕ್ಸ್ 5090 ಕಾರ್ಡು ಒಂದಕ್ಕೇ 575 ವಾಟ್ ಬೇಕು. ಓದುವ ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಗೆ ಅದು ತಕ್ಕ ಜೋಡಿಯಲ್ಲ.

ಮಾನಿಟರ್, ಕಾರ್ಡು ನಿಶ್ಚಯವಾದ ಮೇಲೆ ಕ್ಯಾಬಿನೆಟ್. ಅಂಗಡಿಗೆ ಹೋಗುವಾಗ ಅಳತೆಪಟ್ಟಿ ಜೊತೆಗಿರಲಿ. ಕಾರ್ಡಿನ ಉದ್ದ, ಅದರ ದಪ್ಪ, ಪ್ರೊಸೆಸರ್ ಕೂಲರ್‌ನ ಎತ್ತರ, ಈ ಮೂರು ಅಳತೆಗಳನ್ನು ಕ್ಯಾಬಿನೆಟ್ಟಿನ ವಿವರಪತ್ರದೊಂದಿಗೆ ತಾಳೆ ನೋಡಬೇಕು. ಮೂರು ಫ್ಯಾನಿನ ಕಾರ್ಡುಗಳು 300 ಮಿಲಿಮೀಟರನ್ನು ದಾಟುವುದುಂಟು. ಚಿಕ್ಕ ಪೆಟ್ಟಿಗೆಗೆ ಎರಡು ಫ್ಯಾನಿನವು ಮೇಲು. ಕೂಲರುಗಳಲ್ಲಿ 37 ಮಿ.ಮೀ. ಎತ್ತರದವೂ ಇವೆ, 165 ಮಿ.ಮೀ.ನವೂ ಇವೆ. ಗಾಳಿ ಒಳಬರುವ ಬದಿಯಲ್ಲಿ ಗಾಜಿನ ಹಲಗೆಗಿಂತ ಜಾಲರಿ ಇರುವುದು ಲೇಸು. ಗಾಜು ನೋಡಲು ಚೆಂದ, ಆದರೆ ಗಾಳಿಗೆ ಗೋಡೆ.

ಅಂಗೈಯಗಲದ ಬೋರ್ಡು

ಚಿಕ್ಕ ಕಂಪ್ಯೂಟರ್‌ಗಳ ಬೆನ್ನೆಲುಬು ಮಿನಿ ಐಟಿಎಕ್ಸ್ ಎಂಬ ಮದರ್‌ಬೋರ್ಡ್. ತೈವಾನಿನ ವಿಐಎ ಕಂಪನಿ 2001ರಲ್ಲಿ ಪರಿಚಯಿಸಿದ ಈ ಅಳತೆಯ ಬೋರ್ಡು 17 ಸೆಂ.ಮೀ. ಚೌಕ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಬೋರ್ಡು 30.5 ಸೆಂ.ಮೀ. ಉದ್ದ, 24.4 ಸೆಂ.ಮೀ. ಅಗಲ. ಕ್ಷೇತ್ರಫಲ ಲೆಕ್ಕ ಹಾಕಿದರೆ ಚಿಕ್ಕದು ದೊಡ್ಡದರ ಐದರಲ್ಲಿ ಎರಡು ಪಾಲಿನಷ್ಟೇ. ಹೀಗಾಗಿ ಕಾರ್ಡು ಸಿಕ್ಕಿಸಲು ಒಂದೇ ಸ್ಲಾಟು, ರ‍್ಯಾಮಿಗೆ ಸಾಮಾನ್ಯವಾಗಿ ಎರಡೇ ಜಾಗ.

ಇದರಿಂದ ಒಂದು ಪಾಠವಿದೆ. ಈಗ 8 ಜಿಬಿಯ ಎರಡು ರ‍್ಯಾಮ್ ಹಾಕಿ ಮುಂದೆ ಹೆಚ್ಚಿಸೋಣವೆಂದರೆ ಜಾಗವೇ ಇರುವುದಿಲ್ಲ, ಹಳೆಯವನ್ನು ತೆಗೆಯಬೇಕಾಗುತ್ತದೆ. ಕೈಲಾದರೆ ಮೊದಲೇ 16 ಜಿಬಿಯ ಎರಡನ್ನು ಹಾಕುವುದು ಒಳ್ಳೆಯದು. ಡಿಡಿಆರ್4, ಡಿಡಿಆರ್5 ರ‍್ಯಾಮುಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ; ಒಂದರ ಬೋರ್ಡಿಗೆ ಇನ್ನೊಂದು ಕೂರದು. ಸಂಗ್ರಹಕ್ಕೆ ಬೋರ್ಡಿಗೇ ಸಿಕ್ಕಿಸುವ ಎಂ.2 ಮಾದರಿಯ ಎಸ್‌ಎಸ್‌ಡಿ ಉತ್ತಮ. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಈ ಪಟ್ಟಿಗೆ ವೈರಿನ ಗೋಜಿಲ್ಲ, ಗಾಳಿಯ ದಾರಿಗೂ ಅಡ್ಡಿಯಿಲ್ಲ.

ಉಳಿತಾಯ ಮಾಡಬಾರದ ಜಾಗ

ಬಜೆಟ್ ಮೀರಿದಾಗ ಮೊದಲು ಕತ್ತರಿ ಬೀಳುವುದು ಎಸ್‌ಎಂಪಿಎಸ್ ಮೇಲೆ. ಅದು ಆಟದ ವೇಗ ಹೆಚ್ಚಿಸುವುದಿಲ್ಲ, ಹೊರಗೆ ಕಾಣುವುದೂ ಇಲ್ಲ. ಆದರೆ ಪೆಟ್ಟಿಗೆಯ ಪ್ರತಿಯೊಂದು ಭಾಗವೂ ಕುಡಿಯುವುದು ಅದು ಕೊಟ್ಟ ವಿದ್ಯುತ್ತನ್ನೇ. ಕಳಪೆ ಎಸ್‌ಎಂಪಿಎಸ್ ಕೆಟ್ಟಾಗ ತಾನೊಂದೇ ಹೋಗದೆ ಬೋರ್ಡು, ಕಾರ್ಡುಗಳನ್ನೂ ಜೊತೆಗೆ ಎಳೆದುಕೊಂಡು ಹೋಗಬಹುದು. ಚಿಕ್ಕ ಕ್ಯಾಬಿನೆಟ್ಟುಗಳಿಗೆ ಎಸ್‌ಎಫ್‌ಎಕ್ಸ್ ಎಂಬ ಸಣ್ಣ ಮಾದರಿ ಬೇಕಾಗುತ್ತದೆ: 125 ಮಿ.ಮೀ. ಅಗಲ, 100 ಉದ್ದ, 63.5 ಎತ್ತರ. ಸಾಮಾನ್ಯ ಮಾದರಿಗಿಂತ ಬೆಲೆ ಹೆಚ್ಚು. ಮೇಲಿನ ಉದಾಹರಣೆಯ 283 ವಾಟ್ ಯಂತ್ರಕ್ಕೆ 550 ವಾಟ್‌ನದು ಸಾಕು. ಕ್ಷಣಿಕವಾಗಿ ಏರುವ ಹೊರೆಯನ್ನು ಅದು ತಾಳುತ್ತದೆ. ಅರ್ಧ ಹೊರೆಯ ಆಸುಪಾಸಿನಲ್ಲಿ ಅದರ ದಕ್ಷತೆಯೂ ಚೆನ್ನಾಗಿರುತ್ತದೆ. 80 ಪ್ಲಸ್ ಗೋಲ್ಡ್ ಎಂಬ ಗುರುತು ದಕ್ಷತೆಯ ಒಂದು ಅಳತೆಗೋಲು. ಮನೆಯ ಸಾಕೆಟ್ಟಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳುವುದೂ ಇದೇ ಖರ್ಚಿನಲ್ಲಿ ಸೇರಲಿ.

ತಂದೆ ತಾಯಿಗೆ ಎರಡು ಮಾತು

ಚಿಕ್ಕದಾದರೆ ಅಗ್ಗ ಎಂಬ ನಂಬಿಕೆ ಇಲ್ಲಿ ಸಲ್ಲದು. ಬೋರ್ಡು, ಎಸ್‌ಎಂಪಿಎಸ್, ಕ್ಯಾಬಿನೆಟ್ ಮೂರಕ್ಕೂ ಸಾಮಾನ್ಯವಾಗಿ ಹೆಚ್ಚು ತೆರಬೇಕು. ಮನೆಯಲ್ಲಿ ಜಾಗವಿದ್ದರೆ 24.4 ಸೆಂ.ಮೀ. ಚೌಕದ ಮೈಕ್ರೊ ಎಟಿಎಕ್ಸ್ ಬೋರ್ಡಿನ ಯಂತ್ರ ಹಣ ಉಳಿಸುತ್ತದೆ, ತಣ್ಣಗೂ ಇರುತ್ತದೆ. ಊರೂರು ಹೊತ್ತೊಯ್ಯಬೇಕಾದ, ಇಕ್ಕಟ್ಟಿನ ಕೋಣೆಯಲ್ಲಿರುವ ವಿದ್ಯಾರ್ಥಿಗೆ ಮಾತ್ರ ಚಿಕ್ಕದರ ಹೆಚ್ಚುವರಿ ಬೆಲೆಗೆ ಅರ್ಥವಿದೆ.

ವಿದ್ಯುತ್ ಬಿಲ್ಲಿನ ಲೆಕ್ಕವನ್ನೂ ಮಕ್ಕಳಿಂದಲೇ ಮಾಡಿಸಬೇಕು. 315 ವಾಟ್ ಯಂತ್ರದಲ್ಲಿ ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ ಸುಮಾರು 19 ಯೂನಿಟ್, ಮಾನಿಟರಿನದು ಬೇರೆ. ಆರು ಗಂಟೆ ಆಡಿದರೆ 57. ಎಷ್ಟು ಹೊತ್ತು ಆಡಬೇಕೆಂಬ ಮನೆಯ ಚರ್ಚೆಗೂ ಈ ಅಂಕಿ ಒದಗುತ್ತದೆ. ಅದೇ ಯಂತ್ರ ಪ್ರೋಗ್ರಾಮಿಂಗ್, ಚಿತ್ರರಚನೆ, ವಿಡಿಯೊ ಸಂಕಲನಕ್ಕೂ ಬರುತ್ತದೆ ಎಂಬುದನ್ನು ಮರೆಯಬಾರದು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಲಿ, ಊರಿನ ಅಂಗಡಿಗೇ ಹೋಗಲಿ, ಕೈಯಲ್ಲಿ ಒಂದು ಹಾಳೆ ಇರಬೇಕು: ಪ್ರತಿ ಭಾಗದ ಹೆಸರು, ವಾಟ್, ಅಳತೆ, ಬೆಲೆ, ವಾರಂಟಿಯ ಅವಧಿ. ಪ್ರತಿ ಭಾಗಕ್ಕೂ ಕ್ರಮಸಂಖ್ಯೆ ನಮೂದಿಸಿದ ಬಿಲ್ ಕೇಳಿ ಪಡೆಯಬೇಕು. ಹಾಳೆಯನ್ನು ಮಕ್ಕಳು ಬರೆಯಲಿ, ಕೂಡಿದ ಮೊತ್ತವನ್ನು ಹಿರಿಯರು ಪರಿಶೀಲಿಸಲಿ. ವಾಟ್, ಜೌಲ್, ಕ್ಷೇತ್ರಫಲಗಳನ್ನು ಪರೀಕ್ಷೆಗೆಂದು ಓದಿದ ವಿದ್ಯಾರ್ಥಿ ಅವನ್ನು ತನ್ನದೇ ವಸ್ತುವಿಗಾಗಿ ಬಳಸಿದಾಗ ಆ ಪಾಠ ಬಹುಕಾಲ ನೆನಪಿನಲ್ಲುಳಿಯುತ್ತದೆ.