ಪ್ರೌಢಶಾಲೆಯ ಆಟದ ಬಯಲಿನಲ್ಲಿ ಕಾಲುಳುಕು

ಗಂಗಾವತಿ ತಾಲ್ಲೂಕಿನ ಮರಳಿಯಂತಹ ಗ್ರಾಮದ ಪ್ರೌಢಶಾಲೆಯಲ್ಲಿ ಕಬಡ್ಡಿ, ಖೋ-ಖೋ ಆಡುವ ಮಕ್ಕಳ ವಯಸ್ಸು ಸಾಮಾನ್ಯವಾಗಿ 13ರಿಂದ 16. ಈ ಆಟಗಳಲ್ಲಿ ಓಟದ ದಿಕ್ಕು ಕ್ಷಣಾರ್ಧದಲ್ಲಿ ಬದಲಾಗುವುದರಿಂದ ಪಾದವು ಒಳಮುಖವಾಗಿ ಮಡಚಿ, ಕೀಲಿನ ಹೊರಬದಿಯ ಅಸ್ಥಿಬಂಧಗಳು ಹಿಗ್ಗುವುದೂ ಹರಿಯುವುದೂ ಉಂಟು. ಇದನ್ನೇ ಜನರು ಉಳುಕು ಎನ್ನುತ್ತಾರೆ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿ, ಎಳೆದು, ಅದನ್ನು ತೆಗೆಸುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ದೊಡ್ಡವರಲ್ಲಿಯೂ ಮೊದಲ ಎರಡು ಮೂರು ದಿನ ಇದು ಬಾವನ್ನು ಹೆಚ್ಚಿಸಬಲ್ಲದು. ಮಕ್ಕಳ ವಿಷಯದಲ್ಲಿ ನಮ್ಮ ಆಕ್ಷೇಪಕ್ಕೆ ಬೇರೊಂದು ಕಾರಣವುಂಟು.

ಬೆಳೆಯುವ ಮಕ್ಕಳ ಉದ್ದೆಲುಬುಗಳ ತುದಿಯ ಸಮೀಪದಲ್ಲಿ ಮೃದ್ವಸ್ಥಿಯ ತೆಳು ಪದರವೊಂದಿರುತ್ತದೆ. ಎಲುಬು ಉದ್ದವಾಗುವುದು ಇಲ್ಲಿಂದಲೇ. ಬೆಳೆವಣಿಗೆ ಮುಗಿದು ಅದು ಎಲುಬಾಗಿ ಗಟ್ಟಿಗೊಳ್ಳುವವರೆಗೆ ಪಕ್ಕದ ಅಸ್ಥಿಬಂಧಕ್ಕಿಂತಲೂ ದುರ್ಬಲವಾಗಿರುತ್ತದೆ. ಆದುದರಿಂದ ವಯಸ್ಕರಲ್ಲಿ ಅಸ್ಥಿಬಂಧವನ್ನು ಹರಿಯುವ ಪೆಟ್ಟೇ ವಿದ್ಯಾರ್ಥಿಯಲ್ಲಿ ಈ ಪದರವನ್ನು ಬಿರಿಯಿಸಬಹುದು. ಹೊರನೋಟಕ್ಕೆ ಎರಡೂ ಒಂದೇ ಬಗೆಯ ಬಾವು. ಬಹುಪಾಲು ಉಳುಕುಗಳು ಬರಿಯ ಉಳುಕುಗಳೇ ಎಂಬುದು ನಿಜ. ಆದರೆ ಪದರವು ಬಿರಿದು ಸ್ಥಳ ತಪ್ಪಿದುದನ್ನು ಅರಿಯದೆ ತಿಕ್ಕಿ ಎಳೆದರೆ, ಅಪರೂಪವಾಗಿಯಾದರೂ, ಎಲುಬು ಓರೆಯಾಗಿ ಬೆಳೆಯುವ ಇಲ್ಲವೆ ಬೆಳೆವಣಿಗೆಯೇ ನಿಲ್ಲುವ ಅಪಾಯವಿದೆ.

ಹಾಗೆಂದು ಕಾಲುಳುಕಿದ ಪ್ರತಿಯೊಂದು ಮಗುವನ್ನೂ ಕ್ಷ-ಕಿರಣ ಚಿತ್ರಕ್ಕಾಗಿ ಗಂಗಾವತಿಗೆ ಕಳುಹಿಸುವುದು ಸಾಧ್ಯವೆ? ಭತ್ತದ ನಾಟಿಯ ಕಾಲದಲ್ಲಿ ತಾಯಿತಂದೆಯರಿಗೆ ಅದು ಒಂದು ದಿನದ ಕೂಲಿಯ ಪ್ರಶ್ನೆ. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇಲ್ಲಿ ದೈಹಿಕ ಶಿಕ್ಷಕರಿಗೆ ನೆರವಾಗುತ್ತವೆ. ಕಾಲು ಓರೆಯಾಗಿ ಕಂಡರೆ ಪರೀಕ್ಷೆಯೇ ಬೇಡ, ಕೂಡಲೆ ಕಳುಹಿಸಬೇಕು. ಉಳಿದವರಲ್ಲಿ, ಆ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಕೀಲಿನ ಇಬ್ಬದಿಯ ಉಬ್ಬೆಲುಬುಗಳ ತುದಿಯನ್ನಾಗಲಿ, ಅವುಗಳ ಹಿಂಬದಿಯ ಅಂಚನ್ನು ಕೆಳಗಿನ 6 ಸೆಂಟಿಮೀಟರಿನೊಳಗಾಗಲಿ ಒತ್ತಿದಾಗ ಎಲುಬು ನೊಂದರೆ, ಚಿತ್ರ ಅವಶ್ಯಕ. ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಸಾಲಿನ ಎಲುಬಿನ ಬುಡ ನೊಂದರೂ ಹಾಗೆಯೇ. ಮಕ್ಕಳಲ್ಲಿ ಹೊರ ಉಬ್ಬೆಲುಬಿನ ತುದಿಗಿಂತ ತುಸು ಮೇಲೆ ಮುಂಬದಿಯಲ್ಲಿಯೂ ಒತ್ತಿನೋಡುವುದು ಲೇಸೆಂದು ನಾವು ಸೇರಿಸುತ್ತೇವೆ. ಆ ಪದರವಿರುವುದು ಅಲ್ಲಿಯೇ.

ಇವು ಯಾವುವೂ ಇಲ್ಲದಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಟ್ಟು, ಹಿಗ್ಗುವ ಪಟ್ಟಿ ಕಟ್ಟಿ, ಕಾಲನ್ನು ಎತ್ತರದಲ್ಲಿರಿಸಿದರೆ ಸಾಕು. ನೋವು ತಾಳುವಷ್ಟು ನಡೆಯಲಿ. ಪಂದ್ಯ ಹತ್ತಿರವಾಯಿತೆಂದು ಕುಂಟುವವನನ್ನು ಅಂಕಣಕ್ಕಿಳಿಸುವುದನ್ನು ಮಾತ್ರ ನಾವು ಒಪ್ಪಲಾರೆವು. ಕುಂಟಾಬಿಲ್ಲೆಯಲ್ಲಿ ಕುಪ್ಪಳಿಸುವಂತೆ ಆ ಕಾಲೊಂದರ ಮೇಲೆಯೇ ನೋವಿಲ್ಲದೆ ಕುಪ್ಪಳಿಸಿ, ಬಳಿಕ ತಿರುವಿನ ಓಟ ಓಡಿ ತೋರಿಸಬೇಕು. ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸವನ್ನು ಕೆಲವು ವಾರ ಮುಂದುವರಿಸಿದರೆ ಮತ್ತೆ ಉಳುಕುವ ಸಂಭವ ಕಡಿಮೆಯಾಗುತ್ತದೆ. ಒಂದು ವಾರದಲ್ಲಿ ಬಾವು ಇಳಿಯದಿದ್ದರೆ, ಮೊದಲು ಚಿತ್ರ ತೆಗೆಸಿದ್ದರೂ, ವೈದ್ಯರಿಗೆ ಮತ್ತೊಮ್ಮೆ ತೋರಿಸತಕ್ಕದ್ದು. ಪದರದ ಸಣ್ಣ ಬಿರುಕು ಮೊದಲ ಚಿತ್ರದಲ್ಲಿ ಕಾಣದಿರುವುದುಂಟು.