ಜಿಮ್‌ನಲ್ಲಿ ಎದೆನೋವು: ಹೆದರಬೇಕಾದ್ದು ಯಾವುದಕ್ಕೆ, ಪ್ರಶ್ನಿಸಬೇಕಾದ್ದು ಯಾರನ್ನು?

ಜಿಮ್‌ನಲ್ಲಿ ಯಾರೋ ಕುಸಿದು ಬೀಳುವ ಸಿಸಿಟಿವಿ ವಿಡಿಯೊ ವಾಟ್ಸಾಪ್‌ಗೆ ಬಂದ ಹತ್ತೇ ನಿಮಿಷಕ್ಕೆ ಎರಡು ಪಕ್ಷ ರೆಡಿ ಆಗಿಬಿಡುತ್ತವೆ. ಒಂದು ಪಕ್ಷ 'ಎಲ್ಲ ಲಸಿಕೆಯ ಮಹಿಮೆ' ಅನ್ನುತ್ತೆ. ಇನ್ನೊಂದು ಪಕ್ಷ 'ನಮ್ಮಜ್ಜ ಯಾವ ಜಿಮ್‌ಗೆ ಹೋಗಿದ್ದರು?' ಅಂತ ಕೇಳುತ್ತೆ. ಈ ಎರಡರ ನಡುವೆ, ನಿನ್ನೆ ಬೆಂಚ್ ಪ್ರೆಸ್ ಮಾಡುವಾಗ ಎದೆಯ ಎಡಗಡೆ ಚುಳ್ ಅಂದ ಹುಡುಗ ಮಾತ್ರ ಉತ್ತರವಿಲ್ಲದೆ ಗೂಗಲ್ ಮಾಡ್ತಾ ಕೂತಿರುತ್ತಾನೆ.

ಕರ್ನಾಟಕಕ್ಕೆ ಈ ಭಯ ಹೊಸದಲ್ಲ. 2021ರ ಅಕ್ಟೋಬರ್ 29ರಂದು ಬೆಳಗ್ಗೆ ವ್ಯಾಯಾಮ ಮುಗಿಸಿದ ಬಳಿಕ ಅಸ್ವಸ್ಥರಾದ ಪುನೀತ್ ರಾಜ್‌ಕುಮಾರ್ ಅದೇ ದಿನ ತೀರಿಕೊಂಡರು. ಆಗ ಅವರಿಗೆ 46 ವರ್ಷ. ಮುಂದಿನ ದಿನಗಳಲ್ಲಿ ಹೃದ್ರೋಗ ಆಸ್ಪತ್ರೆಗಳ ಮುಂದೆ ಯುವಕರ ಸಾಲು ಬೆಳೆಯಿತು. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಮತ್ತೆ ಅದೇ ಸಾಲು. ಭಯಕ್ಕೆ ಕಾರಣ ಇದೆ, ಸುಳ್ಳಲ್ಲ. ಆದರೆ ಆ ಭಯವನ್ನು ಸರಿಯಾದ ಜಾಗಕ್ಕೆ ತಿರುಗಿಸಬೇಕಿದೆ.

ಮೊದಲು ಲಸಿಕೆಯ ಪ್ರಶ್ನೆ

18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ ದೇಶದ 47 ಆಸ್ಪತ್ರೆಗಳಲ್ಲಿ ಅಧ್ಯಯನ ನಡೆಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಕಾರಣ ಗೊತ್ತಾಗದ 729 ಸಾವುಗಳನ್ನು, ಅದೇ ಪ್ರದೇಶದ, ಅದೇ ವಯಸ್ಸಿನ ಬದುಕಿರುವ 2,916 ಜನರ ಜೊತೆ ಹೋಲಿಸಿ ನೋಡಿದ್ದರು. ಕೋವಿಡ್ ಲಸಿಕೆ ಸಾವಿನ ಅಪಾಯ ಹೆಚ್ಚಿಸಿಲ್ಲ ಎಂಬುದು ಅದರ ತೀರ್ಮಾನ.

ಹಾಗಾದರೆ ಏನು ಹೆಚ್ಚಿಸಿತ್ತು? ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದ ಇತಿಹಾಸ, ಕುಟುಂಬದಲ್ಲಿ ಹಠಾತ್ ಸಾವು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿತ, ಮಾದಕ ವಸ್ತುವಿನ ಬಳಕೆ, ಮತ್ತು ಅದೇ 48 ಗಂಟೆಗಳಲ್ಲಿ ತೀವ್ರವಾದ ದೈಹಿಕ ಶ್ರಮ. ಟಿವಿ ಚರ್ಚೆಗಳು 'ಲಸಿಕೆ ಹೌದೋ ಅಲ್ಲವೋ' ಎಂಬಲ್ಲೇ ನಿಂತುಬಿಟ್ಟವು. ಈ ಪಟ್ಟಿಯ ಕೊನೆಯ ಅಂಶದ ಬಗ್ಗೆ ಯಾರೂ ಮಾತಾಡಲಿಲ್ಲ. ಜಿಮ್‌ಗೆ ಹೋಗುವವರಿಗೆ ಬೇಕಿದ್ದದ್ದು ಅದೇ ಮಾತು.

ಭಾರ ಎತ್ತುವಾಗ ಒಳಗೆ ಏನಾಗುತ್ತೆ?

ಓಡುವಾಗ ಹೃದಯದ ಮೇಲೆ ಬೀಳುವ ಹೊರೆ ಒಂದು ಬಗೆಯದು. ಹೆಚ್ಚು ರಕ್ತ ಪಂಪ್ ಮಾಡಬೇಕು, ರಕ್ತನಾಳಗಳು ಹಿಗ್ಗಿ ದಾರಿ ಬಿಡುತ್ತವೆ. ಭಾರ ಎತ್ತುವಾಗಿನ ಹೊರೆ ಬೇರೆ. ಬಿಗಿಯಾದ ಮಾಂಸಖಂಡಗಳು ರಕ್ತನಾಳಗಳನ್ನು ಹಿಂಡುತ್ತವೆ. ಅದರ ಜೊತೆಗೆ ನಾವು ಉಸಿರು ಕಟ್ಟಿ ಮುಕ್ಕುತ್ತೇವೆ. ಎದೆಯೊಳಗಿನ ಒತ್ತಡ ಏರುತ್ತೆ, ರಕ್ತದೊತ್ತಡ ಕ್ಷಣಾರ್ಧದಲ್ಲಿ ಮೇಲಕ್ಕೆ ಹೋಗುತ್ತೆ.

ಎಷ್ಟು ಮೇಲಕ್ಕೆ? 1985ರಲ್ಲಿ ಕೆನಡಾದ ಸಂಶೋಧಕರು ಐವರು ಅನುಭವಿ ಬಾಡಿಬಿಲ್ಡರ್‌ಗಳ ತೋಳಿನ ರಕ್ತನಾಳದೊಳಗೇ ಕೊಳವೆ ಇಟ್ಟು ಅಳೆದಿದ್ದರು. ಎರಡೂ ಕಾಲಲ್ಲಿ ಲೆಗ್ ಪ್ರೆಸ್ ಮಾಡುವಾಗ ಸರಾಸರಿ ರಕ್ತದೊತ್ತಡ 320/250. ಒಬ್ಬರಲ್ಲಿ 480/350 ದಾಟಿತ್ತು. ಸುಮ್ಮನೆ ಕೂತಾಗ ನಮ್ಮದು 120/80ರ ಆಸುಪಾಸು ಇರಬೇಕು ಅಂತ ನೆನಪಿಟ್ಟುಕೊಂಡರೆ ಈ ಅಂಕಿಯ ತೂಕ ಗೊತ್ತಾಗುತ್ತೆ.

ಆರೋಗ್ಯವಂತ ದೇಹ ಈ ಕೆಲವು ಸೆಕೆಂಡುಗಳ ಏರಿಕೆಯನ್ನು ತಡೆದುಕೊಳ್ಳುತ್ತೆ. ಇಂಜಿನಿಯರಿಂಗ್ ಓದಿದವರಿಗೆ ಇದು ಲೋಡ್ ಟೆಸ್ಟ್ ಇದ್ದ ಹಾಗೆ. ಸೇತುವೆ ಮೇಲೆ ಲಾರಿ ನಿಲ್ಲಿಸಿದಾಗ ಬಿರುಕು ಬಿಟ್ಟರೆ, ಬಹುಪಾಲು ಸಲ ಆ ಬಿರುಕು ಮೊದಲೇ ಒಳಗೆ ಇದ್ದಿರುತ್ತೆ. 35 ದಾಟಿದವರಲ್ಲಿ ಆ ಬಿರುಕು ಸಾಮಾನ್ಯವಾಗಿ ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬು. ಅದಕ್ಕಿಂತ ಚಿಕ್ಕವರಲ್ಲಿ ಹೃದಯದ ಗೋಡೆ ದಪ್ಪವಾಗುವ ಆನುವಂಶಿಕ ಕಾಯಿಲೆ, ಹುಟ್ಟಿನಿಂದಲೇ ತಪ್ಪು ಜಾಗದಿಂದ ಹೊರಡುವ ರಕ್ತನಾಳ, ಹೃದಯದ ವಿದ್ಯುತ್ ವ್ಯವಸ್ಥೆಯ ದೋಷ ಅಥವಾ ವೈರಲ್ ಜ್ವರದ ನಂತರ ಹೃದಯದ ಸ್ನಾಯುವಿನಲ್ಲಿ ಉಳಿದ ಊತ.

ನಮ್ಮ ಉಪಖಂಡದವರಿಗೆ ಇನ್ನೊಂದಿಷ್ಟು ಎಚ್ಚರ ಬೇಕು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯನ್ನರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ ಆಗಿತ್ತು. ಬೇರೆಯವರಿಗೆ ಸುಮಾರು 59ಕ್ಕೆ. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ3 ಎಂಬ ಜೀನ್‌ನಲ್ಲಿನ ಒಂದು ದೋಷ ದಕ್ಷಿಣ ಏಷ್ಯನ್ನರಲ್ಲಿ ಸುಮಾರು ನೂರಕ್ಕೆ ನಾಲ್ಕು ಜನರಲ್ಲಿದೆ ಎಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತ್ತು.

ಯಾವ ನೋವು ಯಾವುದು?

ಯುವಕರಿಗೆ ಜಿಮ್‌ನಲ್ಲಿ ಬರುವ ಎದೆನೋವಿನ ಬಹುಪಾಲು ಹೃದಯದ್ದಲ್ಲ. ಎದೆಯ ಸ್ನಾಯು ಉಳುಕಿರಬಹುದು, ಪಕ್ಕೆಲುಬು ಎದೆಮೂಳೆಗೆ ಸೇರುವ ಕಡೆ ಊತ ಇರಬಹುದು. ಇಂಥ ನೋವನ್ನು ಒಂದು ಬೆರಳಿಟ್ಟು 'ಇಲ್ಲೇ' ಅಂತ ತೋರಿಸಬಹುದು. ಒತ್ತಿದರೆ, ಕೈ ತಿರುಗಿಸಿದರೆ, ಆಳವಾಗಿ ಉಸಿರೆಳೆದರೆ ಹೆಚ್ಚುತ್ತೆ. ಹೊಟ್ಟೆ ತುಂಬ ತಿಂದು ಡೆಡ್‌ಲಿಫ್ಟ್ ಮಾಡಿದರೆ ಆಸಿಡ್ ಮೇಲೆ ಬಂದು ಉರಿ ಹತ್ತುತ್ತೆ. ಗಾಬರಿಯೂ ಎದೆ ಹಿಡಿಯುತ್ತೆ.

ಹೃದಯದ ನೋವಿನ ಸ್ವಭಾವ ಬೇರೆ. ಎದೆಯ ಮೇಲೆ ಯಾರೋ ಕೂತ ಹಾಗೆ ಭಾರ, ಹಿಂಡಿದ ಹಾಗೆ ಬಿಗಿತ. ಬೆರಳಲ್ಲಿ ತೋರಿಸಲು ಆಗಲ್ಲ, ಅಂಗೈ ಇಟ್ಟು ತೋರಿಸಬೇಕಾಗುತ್ತೆ. ಎಡತೋಳು, ಎರಡೂ ತೋಳು, ದವಡೆ, ಕುತ್ತಿಗೆ, ಬೆನ್ನಿಗೆ ಹರಡಬಹುದು. ತಣ್ಣನೆ ಬೆವರು, ವಾಂತಿ ಬಂದ ಹಾಗೆ, ಉಸಿರು ಸಾಲದ ಹಾಗೆ ಆಗಬಹುದು. ಮಹಿಳೆಯರಲ್ಲಿ ಮತ್ತು ಮಧುಮೇಹ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ ಕಾಣಿಸಬಹುದು.

ಇನ್ನು ಎರಡು ಚಿತ್ರ ನೆನಪಿರಲಿ. ಭಾರ ಎತ್ತುತ್ತಿದ್ದಾಗ ಒಮ್ಮೆಲೇ ಎದೆ ಅಥವಾ ಬೆನ್ನು ಸೀಳಿದಂಥ ವಿಪರೀತ ನೋವು ಬಂದರೆ ಅದು ಮಹಾಪಧಮನಿಯ ಒಳಪದರ ಹರಿದದ್ದಿರಬಹುದು. ಅಪರೂಪ, ಆದರೆ ಪ್ರತಿ ಗಂಟೆಯೂ ಲೆಕ್ಕ. ವ್ಯಾಯಾಮದ ನಡುವೆ ಪ್ರಜ್ಞೆ ತಪ್ಪಿದರೆ, ಒಂದೇ ನಿಮಿಷದಲ್ಲಿ ಎದ್ದು ಕೂತರೂ, 'ಬೆಳಗ್ಗೆ ತಿಂದಿರಲಿಲ್ಲ ಬಿಡು' ಅಂತ ತಳ್ಳಿಹಾಕುವ ಹಾಗಿಲ್ಲ. ಹೃದಯ ಪರೀಕ್ಷೆ ಆಗದೆ ಮತ್ತೆ ಜಿಮ್‌ ಮೆಟ್ಟಿಲು ಹತ್ತಬಾರದು.

ಈ ವಿವರಣೆಗೂ ಒಂದು ಮಿತಿ ಇದೆ. ನೋವಿನ ಸ್ವಭಾವ ನೋಡಿ ನೀವಾಗಲಿ ನಿಮ್ಮ ಟ್ರೇನರ್ ಆಗಲಿ ಹೃದಯಾಘಾತ ಅಲ್ಲ ಎಂದು ತೀರ್ಪು ಕೊಡಲು ಆಗಲ್ಲ. ನಮ್ಮಲ್ಲಿ ಹೃದಯಾಘಾತ ಅತಿ ಹೆಚ್ಚು ಸಲ ಅಡಗಿಕೊಳ್ಳುವ ಹೆಸರು 'ಗ್ಯಾಸ್ಟ್ರಿಕ್'. ಸೋಡಾ, ಜೀರಿಗೆ ನೀರು, ಆಸಿಡಿಟಿ ಮಾತ್ರೆ ಅಂತ ಎರಡು ಗಂಟೆ ಕಳೆದರೆ, ಆ ಎರಡು ಗಂಟೆಯಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತೆ.

ಆ ಕ್ಷಣದಲ್ಲಿ ಮಾಡಬೇಕಾದ್ದು

ಸೆಟ್ ನಿಲ್ಲಿಸಿ. 'ಇನ್ನೆರಡು ರೆಪ್' ಬೇಡ. ಕೂತುಕೊಳ್ಳಿ, ಪಕ್ಕದಲ್ಲಿರುವವರಿಗೆ ಹೇಳಿ. ಬಿಗಿತ, ಬೆವರು, ಉಬ್ಬಸ ಇದ್ದರೆ 108ಕ್ಕೆ ಕರೆ ಮಾಡಿ. ಬೈಕ್ ಓಡಿಸಿಕೊಂಡು ಒಬ್ಬರೇ ಆಸ್ಪತ್ರೆಗೆ ಹೋಗಬೇಡಿ. ವೈದ್ಯರು ಹೇಳದೆ ಆಸ್ಪಿರಿನ್ ನುಂಗಬೇಡಿ. ಹೃದಯಾಘಾತಕ್ಕೆ ಅದು ಔಷಧ, ಮಹಾಪಧಮನಿ ಹರಿದಿದ್ದರೆ ಅದೇ ಅಪಾಯ.

ಆಸ್ಪತ್ರೆಯಲ್ಲಿ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಒಪ್ಪಿತ ನಿಯಮ. ಮೊದಲ ಇಸಿಜಿ ಸರಿಯಾಗಿದೆ ಅಂದ ಮಾತ್ರಕ್ಕೆ ಕಥೆ ಮುಗಿಯಲ್ಲ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಟ್ರೋಪೋನಿನ್ ಏರಲು ಹೊತ್ತು ಬೇಕು. ಹಾಗಾಗಿ ಕೆಲ ಗಂಟೆ ಬಿಟ್ಟು ಮತ್ತೆ ಪರೀಕ್ಷೆ ಮಾಡುತ್ತಾರೆ. ತೀವ್ರ ವ್ಯಾಯಾಮದ ನಂತರ ಟ್ರೋಪೋನಿನ್ ಆರೋಗ್ಯವಂತರಲ್ಲೂ ಸ್ವಲ್ಪ ಏರಬಹುದು. ಅದಕ್ಕೇ ಜಿಮ್‌ನಿಂದ ನೇರ ಬಂದಿದ್ದೀರಿ ಅಂತ ವೈದ್ಯರಿಗೆ ಹೇಳಲೇಬೇಕು. ಏನು ಪುಡಿ, ಏನು ಇಂಜೆಕ್ಷನ್ ತಗೊಂಡಿದ್ದೀರಿ ಅಂತಲೂ.

ಪುಡಿ, ಇಂಜೆಕ್ಷನ್ ಮತ್ತು ಮೌನ

ಈ ಕೊನೆಯ ಮಾತನ್ನು ಹೇಳಲು ಹುಡುಗರು ಹಿಂಜರಿಯುತ್ತಾರೆ. ಹಲವು ಪ್ರಿ-ವರ್ಕೌಟ್ ಪುಡಿಗಳ ಒಂದೇ ಸ್ಕೂಪ್‌ನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಇರುತ್ತೆ. ಆರೋಗ್ಯವಂತ ವಯಸ್ಕರಿಗೆ ಇಡೀ ದಿನದ ಸುರಕ್ಷಿತ ಮಿತಿ ಸುಮಾರು 400 ಮಿಲಿಗ್ರಾಂ. ಎರಡು ಸ್ಕೂಪ್ ಪುಡಿ, ಮೇಲೊಂದು ಎನರ್ಜಿ ಡ್ರಿಂಕ್, ಹಿಂದಿನ ರಾತ್ರಿ ನಾಲ್ಕು ಗಂಟೆ ನಿದ್ದೆ: ಇವಿಷ್ಟೇ ಸಾಕು, ಎದೆಬಡಿತ ತಾಳ ತಪ್ಪಬಹುದು.

ಸ್ಟೆರಾಯ್ಡ್ ಇದಕ್ಕಿಂತ ಗಂಭೀರ. ಡೆನ್ಮಾರ್ಕ್‌ನ ಜಿಮ್‌ಗಳಲ್ಲಿ ಸ್ಟೆರಾಯ್ಡ್ ಬಳಸಿ ಸಿಕ್ಕಿಬಿದ್ದಿದ್ದ 1,189 ಪುರುಷರನ್ನು ವರ್ಷಗಟ್ಟಲೆ ಗಮನಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರ ಸಾವಿನ ಪ್ರಮಾಣ ಅದೇ ವಯಸ್ಸಿನ ಬೇರೆ ಪುರುಷರಿಗಿಂತ ಸುಮಾರು 2.8 ಪಟ್ಟು ಹೆಚ್ಚು. ಸ್ಟೆರಾಯ್ಡ್ ಒಳ್ಳೆಯ ಕೊಲೆಸ್ಟರಾಲ್ ಇಳಿಸುತ್ತೆ, ರಕ್ತ ಗಟ್ಟಿಯಾಗಿಸುತ್ತೆ, ಹೃದಯದ ಗೋಡೆ ದಪ್ಪ ಮಾಡುತ್ತೆ. ಕನ್ನಡಿಯಲ್ಲಿ ಇದ್ಯಾವುದೂ ಕಾಣಲ್ಲ.

ಹಾಗಂತ ಜಿಮ್ ಬಿಡಬೇಕಾ?

ಬೇಡ. ಲೆಕ್ಕ ಜಿಮ್ ಪರವಾಗಿಯೇ ಇದೆ. ಸ್ನಾಯುಬಲದ ವ್ಯಾಯಾಮ ಮಾಡುವವರಿಗೆ ಹೃದ್ರೋಗದ ಅಪಾಯ ಸುಮಾರು ಶೇ. 17ರಷ್ಟು ಕಡಿಮೆ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಹೇಳಿತ್ತು. ಅದಕ್ಕೆ ವಾರಕ್ಕೆ 30ರಿಂದ 60 ನಿಮಿಷ ಸಾಕು. ದಿನಕ್ಕಲ್ಲ, ವಾರಕ್ಕೆ.

ಅಪಾಯ ಇರೋದು ದಿಢೀರ್ ಶ್ರಮದಲ್ಲಿ. 1993ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ವಾರಕ್ಕೆ ಐದು ಬಾರಿಯಾದರೂ ಮೈಮುರಿದು ಶ್ರಮ ಪಡುವವರಿಗೆ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ 2.4 ಪಟ್ಟು ಏರಿತ್ತು. ಅಪರೂಪಕ್ಕೆ ಶ್ರಮ ಪಡುವವರಿಗೆ ಅದು 107 ಪಟ್ಟು! ಒಂದೊಂದು ಸಲದ ಅಪಾಯ ತೀರಾ ಚಿಕ್ಕದು ನಿಜ, ಆದರೆ ಪಾಠ ಸ್ಪಷ್ಟ. ಜನವರಿ 1ರಂದು ಮೆಂಬರ್‌ಶಿಪ್ ತಗೊಂಡು ಜನವರಿ 3ಕ್ಕೆ ಗೆಳೆಯನ ಜೊತೆ ಮ್ಯಾಕ್ಸ್ ಲಿಫ್ಟ್ ಪಂದ್ಯ ಕಟ್ಟೋದು ಶಿಸ್ತು ಅಲ್ಲ. ತೂಕ ವಾರಗಳಲ್ಲಿ ಏರಲಿ, ಎತ್ತುವಾಗ ಉಸಿರು ಹೊರಗೆ ಬಿಡಿ, ಜ್ವರ ಇದ್ದಾಗ ರಜೆ ಹಾಕಿ.

ಶುರು ಮಾಡುವ ಮುಂಚೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ಲೈಪೋಪ್ರೋಟೀನ್-ಎ ಎಂಬ ಆನುವಂಶಿಕ ಅಂಶವನ್ನು ಜೀವನದಲ್ಲಿ ಒಮ್ಮೆಯಾದರೂ ಅಳೆಸಿಕೊಳ್ಳಿ ಎನ್ನುತ್ತೆ ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ. ಮನೆಯಲ್ಲಿ ಯಾರಾದರೂ 50ರೊಳಗೆ ಹಠಾತ್ತಾಗಿ ತೀರಿಕೊಂಡಿದ್ದರೆ, ಶ್ರಮದಲ್ಲಿ ಎದೆ ಬಿಗಿತ ಅಥವಾ ತಲೆಸುತ್ತು ಬಂದಿದ್ದರೆ ಇಸಿಜಿ ಮತ್ತು ಎಕೋ ಮಾಡಿಸಿ.

ಮೆಂಬರ್‌ಶಿಪ್ ಇಲ್ಲದೆ ಭಾರ ಎತ್ತುವವರು

ಇಲ್ಲಿವರೆಗೆ ಹೇಳಿದ್ದೆಲ್ಲ 'ನೀವು ಏನು ಮಾಡಬೇಕು' ಅನ್ನೋದು. ಆದರೆ ಹೃದಯದ ಮಾತನ್ನು ಬರೀ ವೈಯಕ್ತಿಕ ಶಿಸ್ತಿಗೆ ಇಳಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ.

ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಿಡುವಿನಲ್ಲಿ ಮಾಡುವ ದೈಹಿಕ ಶ್ರಮ ಹೃದ್ರೋಗದ ಅಪಾಯ ಇಳಿಸಿತ್ತು. ಕೆಲಸದಲ್ಲಿ ಮಾಡುವ ಭಾರೀ ಶ್ರಮ ಅದೇ ಅಪಾಯವನ್ನು ಏರಿಸಿತ್ತು. ಜಿಮ್‌ನಲ್ಲಿ ನಾವು ಬಾರ್ ಕೆಳಗಿಟ್ಟು ಎರಡು ನಿಮಿಷ ಕೂರುತ್ತೇವೆ, ನಾಳೆ ಬೇಡ ಅಂದರೆ ಬಿಡುತ್ತೇವೆ. ಎಪಿಎಂಸಿ ಯಾರ್ಡ್‌ನ ಹಮಾಲಿಗೆ ಎರಡು ಮೂಟೆ ನಡುವೆ ಆ ಎರಡು ನಿಮಿಷ ಇಲ್ಲ, ಎದೆ ಹಿಡಿದ ದಿನ ರಜೆಯೂ ಇಲ್ಲ. ಅವರು ಕುಸಿದರೆ ಸಿಸಿಟಿವಿ ವಿಡಿಯೊ ವೈರಲ್ ಆಗಲ್ಲ.

ಹಾಸನದ ಸಾವುಗಳ ಬಗ್ಗೆ ರಾಜ್ಯ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿ ಅಸಹಜ ಏರಿಕೆಯೇನೂ ಕಾಣಲಿಲ್ಲ ಎಂದಿತು. ಅದರ ಬೆನ್ನಿಗೇ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿಸುವುದಾಗಿ, ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಯಂತ್ರ ಇಡುವುದಾಗಿ 2025ರ ಜುಲೈನಲ್ಲಿ ಹೇಳಿದರು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡಬೇಕು. ಒಳ್ಳೆಯ ಯೋಜನೆಗಳು. ನಮ್ಮ ತಾಲ್ಲೂಕಿನಲ್ಲಿ ರಾತ್ರಿ ಎರಡಕ್ಕೂ ಆ ಇಂಜೆಕ್ಷನ್ ಸಿಗುತ್ತಾ ಅಂತ ಕೇಳುವುದು ನಮ್ಮ ಕೆಲಸ.

ಜಿಮ್‌ಗೂ ಇದೇ ಪ್ರಶ್ನೆ. ಹೃದಯ ನಿಂತುಹೋದರೆ, ಸಿಪಿಆರ್ ಮತ್ತು ಶಾಕ್ ಸಿಗದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತೆ. ನಗರದ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಹತ್ತು ನಿಮಿಷದಲ್ಲಿ ಬರುತ್ತೆ ಅಂತ ಯಾರೂ ಪ್ರಮಾಣ ಮಾಡಲಾರರು. ಆ ಹತ್ತು ನಿಮಿಷ ಪಕ್ಕದಲ್ಲಿರುವವರ ಕೈಯಲ್ಲಿರುತ್ತೆ: ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು.

ಮುಂದಿನ ಸಲ ಮೆಂಬರ್‌ಶಿಪ್ ರಿನ್ಯೂ ಮಾಡುವಾಗ ಡಿಸ್ಕೌಂಟ್ ಕೇಳುವ ಮುಂಚೆ ಎರಡು ಪ್ರಶ್ನೆ ಕೇಳಿ. ಇಲ್ಲಿ ಎಷ್ಟು ಜನ ಟ್ರೇನರ್‌ಗಳಿಗೆ ಸಿಪಿಆರ್ ಬರುತ್ತೆ? ಎಇಡಿ ಎಲ್ಲಿದೆ? ಲಕ್ಷಗಟ್ಟಲೆ ಸುರಿದು ಮೆಷಿನ್, ಕನ್ನಡಿ, ಸ್ಪೀಕರ್ ಹಾಕಿದ ಜಾಗದಲ್ಲಿ ಈ ಎರಡಕ್ಕೆ ಉತ್ತರ ಇಲ್ಲ ಅಂದರೆ, ಆ ಜಿಮ್ ನಿಮ್ಮ ಬೈಸೆಪ್ಸ್ ಬಗ್ಗೆ ಯೋಚಿಸಿದೆ, ನಿಮ್ಮ ಬಗ್ಗೆ ಅಲ್ಲ.