ನಗಿಸುತ್ತಲೇ ಪ್ರಶ್ನಿಸಿದ ಐರಿಷ್ ಕಥೆಗಾರ ಡೇವ್ ಅಲೆನ್

ಕೆಲವು ತಿಂಗಳುಗಳ ಹಿಂದೆ ನಮ್ಮ ಶಾಖೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಸಮಾರಂಭ ನಡೆಯಿತು. ಶಾಲು, ಹಾರ, ಫಲತಾಂಬೂಲಗಳ ಜೊತೆಗೆ ಬಣ್ಣದ ಕಾಗದದಲ್ಲಿ ಸುತ್ತಿದ ಗೋಡೆ ಗಡಿಯಾರವೊಂದನ್ನು ಅವರ ಕೈಗಿತ್ತೆವು. ಮೂರೂವರೆ ದಶಕಗಳ ಕಾಲ ಬೆಳಗಿನ ಲೋಕಲ್ ರೈಲಿನ ನಿಮಿಷಗಳನ್ನು ಎಣಿಸುತ್ತ, ಹಾಜರಿ ಪುಸ್ತಕಕ್ಕೆ ಹೆದರುತ್ತ ಬದುಕಿದವರು ಅವರು. ಗಡಿಯಾರವನ್ನು ಒಮ್ಮೆ ನೋಡಿ, "ಇನ್ನು ಇದನ್ನು ನೋಡಿ ಎಲ್ಲಿಗೆ ಓಡಲಿ?" ಎಂದು ಮೆಲ್ಲಗೆ ನಕ್ಕರು. ಸಭೆಯೂ ನಕ್ಕಿತು. ನಮಗೆ ಮಾತ್ರ ಆ ಕ್ಷಣದಲ್ಲಿ ಡೇವ್ ಅಲೆನ್ ನೆನಪಾದರು.

ಇದೇ ಗಡಿಯಾರದ ಮಾತನ್ನು 1990ರಲ್ಲಿ ಬಿಬಿಸಿ ದೂರದರ್ಶನದಲ್ಲಿ ಆಡಿ, ಬ್ರಿಟನ್ನಿನ ಸಂಸತ್ತಿನಲ್ಲಿ ಪ್ರಶ್ನೆ ಏಳುವಂತೆ ಮಾಡಿದ ಐರಿಷ್ ಹಾಸ್ಯಗಾರ ಅವರು. ನಮ್ಮಲ್ಲಿ ಅವರ ಹೆಸರನ್ನು ಬಲ್ಲವರು ಕಡಿಮೆ. ನಾವೂ ಅವರ ಹಳೆಯ ಕಾರ್ಯಕ್ರಮಗಳನ್ನು ಈಚಿನ ವರ್ಷಗಳಲ್ಲಷ್ಟೇ ಗಣಕಯಂತ್ರದ ತೆರೆಯ ಮೇಲೆ ಕಂಡವರು. ಆದರೆ ಪೂಜ್ಯವೆಂದು ಜನ ಕೈಮುಗಿಯುವ ವಿಷಯಗಳನ್ನು ಕುರಿತು ನಗಬಹುದೇ, ನಕ್ಕರೆ ಎಷ್ಟು ನಗಬಹುದು ಎಂಬ ಪ್ರಶ್ನೆ ಎಲ್ಲ ಸಮಾಜಗಳಿಗೂ ಸೇರಿದ್ದು. ಆ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟ ಈ ಕಲಾವಿದರ ಪರಿಚಯವನ್ನು ಓದುಗರಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಡೇವ್ ಅಲೆನ್ ಅವರ ನಿಜನಾಮ ಡೇವಿಡ್ ಟೈನನ್ ಓಮಾಹನಿ. ಜನನ 1936ರ ಜುಲೈ 6ರಂದು, ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲಿ. ಮೂವರು ಗಂಡುಮಕ್ಕಳಲ್ಲಿ ಕಿರಿಯರು. ತಂದೆ 'ಐರಿಷ್ ಟೈಮ್ಸ್' ಪತ್ರಿಕೆಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು, ಕಥೆ ಹೇಳುವುದರಲ್ಲಿ ನಿಪುಣರು. ತಾಯಿ ಇಂಗ್ಲೆಂಡಿನ ಮೂಲದವರು. ಡೇವಿಡ್‌ಗೆ ಹನ್ನೆರಡು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಕೈಹಿಡಿದು ನಡೆಸುವವರು ಹೋದರೂ ತಂದೆಯ ಬಾಯಿಂದ ಕೇಳಿದ ಕಥೆಗಳ ರುಚಿ ಮಗನಲ್ಲಿ ಉಳಿಯಿತು. ಒಲೆಯ ಮುಂದೆ ಕುಳಿತು ಹಳ್ಳಿಯವರಿಗೆ ಕಥೆ ಹೇಳುವ ಸಾಂಪ್ರದಾಯಿಕ ಕಥೆಗಾರರು ಐರ್ಲೆಂಡಿನಲ್ಲಿ ಶತಮಾನಗಳಿಂದ ಇದ್ದಾರೆ. ಅವರನ್ನು ಅಲ್ಲಿ 'ಶನಖಿ' ಎಂದು ಕರೆಯುತ್ತಾರೆ. ಡೇವ್ ಅಲೆನ್ ಆ ಪರಂಪರೆಯನ್ನು ದೂರದರ್ಶನಕ್ಕೆ ತಂದವರು ಎಂದರೆ ತಪ್ಪಾಗಲಾರದು.

ಅವರು ಬೆಳೆದ ಐರ್ಲೆಂಡ್ ಎಂಥದೆಂಬುದನ್ನು ಅರಿಯದೆ ಅವರ ಹಾಸ್ಯದ ಮೊನೆ ಅರ್ಥವಾಗದು. ಬ್ರಿಟಿಷರಿಂದ ಬಿಡುಗಡೆ ಪಡೆದ ಆ ಪುಟ್ಟ ದೇಶದಲ್ಲಿ ಕ್ಯಾಥೊಲಿಕ್ ಚರ್ಚಿನ ಪ್ರಭಾವ ಸರ್ವವ್ಯಾಪಿಯಾಗಿತ್ತು. 1929ರ ಕಾಯಿದೆಯ ಬಲದಿಂದ ಅಸಂಖ್ಯ ಪುಸ್ತಕಗಳಿಗೆ ನಿಷೇಧ ಬಿದ್ದಿತ್ತು. 1937ರ ಸಂವಿಧಾನ ಚರ್ಚಿಗೆ ವಿಶೇಷ ಸ್ಥಾನವನ್ನು ನೀಡಿ, ವಿವಾಹ ವಿಚ್ಛೇದನವನ್ನು ನಿಷೇಧಿಸಿತ್ತು. ಶಾಲೆಗಳ ಆಡಳಿತ ಬಹುಮಟ್ಟಿಗೆ ಪಾದ್ರಿಗಳ ಮತ್ತು ಸನ್ಯಾಸಿನಿಯರ ಕೈಯಲ್ಲಿತ್ತು. ಬಾಲಕ ಡೇವಿಡ್ ಓದಿದ್ದೂ ಅಂಥ ಶಾಲೆಗಳಲ್ಲೇ. ಕಾನ್ವೆಂಟಿನ ಮೊದಲ ದಿನದ ಅನುಭವವನ್ನು ಅವರು ಮುಂದೆ ವೇದಿಕೆಯ ಮೇಲೆ ಬಣ್ಣಿಸುತ್ತಿದ್ದರು. ಒಳಗೆ ಕಾಲಿಟ್ಟ ಮಗುವಿಗೆ ಮೊದಲು ಕಾಣುವುದು ಶಿಲುಬೆಗೆ ಮೊಳೆ ಹೊಡೆದ ಮನುಷ್ಯನ ಆಕೃತಿ. ಬಳಿಯಲ್ಲೇ ನಿಂತ ಕಪ್ಪುಡುಗೆಯ ಸನ್ಯಾಸಿನಿ, ಇಲ್ಲಿ ಒಳ್ಳೆಯ ಹುಡುಗನಾಗಿ ಇರುತ್ತೀಯಷ್ಟೆ ಎಂದು ಕೇಳುತ್ತಾಳೆ. ಆ ಮಗು ಬೇರೆ ಏನು ಉತ್ತರ ಕೊಟ್ಟೀತು? ಸಭಿಕರು ಬಿದ್ದು ಬಿದ್ದು ನಗುತ್ತಿದ್ದರು. ನಗೆಯ ಅಡಿಯಲ್ಲಿ ಮಗುವಿನ ನಡುಕ ಹಾಗೆಯೇ ಉಳಿದಿರುತ್ತಿತ್ತು.

ಶಾಲೆ ಮುಗಿಸಿದ ಬಳಿಕ ತಂದೆಯ ದಾರಿಯಲ್ಲೇ ನಡೆದು ಡೇವಿಡ್ ಪತ್ರಿಕಾ ಕಚೇರಿಯಲ್ಲಿ ಗುಮಾಸ್ತರಾದರು. 'ದ್ರೊಹೆಡ ಆರ್ಗಸ್' ಎಂಬ ಪತ್ರಿಕೆಯಲ್ಲಿ ಸ್ವಲ್ಪ ಕಾಲ ವರದಿಗಾರರೂ ಆಗಿದ್ದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಆ ಕಾಲದ ಸಾವಿರಾರು ಐರಿಷ್ ತರುಣರಂತೆ, ಕೆಲಸ ಹುಡುಕಿಕೊಂಡು ಲಂಡನ್ ಸೇರಿದರು. ಅಲ್ಲಿನ ಪತ್ರಿಕೆಗಳು ಬಾಗಿಲು ತೆರೆಯಲಿಲ್ಲ. ಕೊನೆಗೆ ದೊರೆತದ್ದು ಬಟ್ಲಿನ್ಸ್ ಎಂಬ ರಜಾ ಶಿಬಿರದಲ್ಲಿ, ಕೆಂಪು ಕೋಟು ತೊಟ್ಟು, ಸಮುದ್ರತೀರಕ್ಕೆ ಬಂದ ಕಾರ್ಮಿಕ ಕುಟುಂಬಗಳನ್ನು ರಂಜಿಸುವ ಉದ್ಯೋಗ. ಅಲ್ಲಿಯೇ ಅವರು ಹಾಸ್ಯದ ಮೊದಲ ಪಾಠಗಳನ್ನು ಕಲಿತರು.

ಹೆಸರಿನ ಬದಲಾವಣೆಯೂ ಆ ದಿನಗಳದೇ. 'ಓಮಾಹನಿ' ಎಂಬುದು ಇಂಗ್ಲಿಷರ ನಾಲಿಗೆಗೆ ಸುಲಭವಾಗಿ ಹೊರಳುತ್ತಿರಲಿಲ್ಲ. 'ಅಲೆನ್' ಎಂದಿಟ್ಟುಕೊಂಡರೆ ಅಕ್ಷರಾನುಕ್ರಮದಲ್ಲಿ ಸಿದ್ಧಪಡಿಸುವ ಕಲಾವಿದರ ಪಟ್ಟಿಯಲ್ಲಿ ಹೆಸರು ಮೇಲೆ ಬರುತ್ತದೆ ಎಂಬ ಲೆಕ್ಕಾಚಾರವೂ ಇತ್ತು. ಊರು ಬಿಟ್ಟು ಬಂದವನು ಪರಸ್ಥಳದವರ ಅನುಕೂಲಕ್ಕಾಗಿ ಮನೆತನದ ಹೆಸರನ್ನು ಮೊಟಕುಗೊಳಿಸುವ ಸಂಗತಿ ಹೊರನಾಡಿನಲ್ಲಿ ನೆಲೆಸಿದ ನಮಗೆ ಹೊಸದೇನಲ್ಲ. ಹೆಸರು ಬದಲಾದರೂ ಅವರ ಮಾತಿನ ಐರಿಷ್ ಲಯ ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ.

1959ರಲ್ಲಿ ಬಿಬಿಸಿಯ ಹೊಸ ಪ್ರತಿಭೆಗಳ ಕಾರ್ಯಕ್ರಮದಲ್ಲಿ ಅವರು ಮೊದಲ ಬಾರಿಗೆ ಕಿರುತೆರೆಯ ಮೇಲೆ ಕಾಣಿಸಿಕೊಂಡರು. 1963ರ ಆರಂಭದಲ್ಲಿ ಗಾಯಕಿ ಹೆಲೆನ್ ಶಪೀರೊ ಅವರ ಬ್ರಿಟನ್ ಪ್ರವಾಸದ ನಿರೂಪಕರಾಗಿದ್ದರು. ಆ ಪ್ರವಾಸದಲ್ಲಿ ಪೂರಕ ವಾದ್ಯವೃಂದವಾಗಿ ಹೊರಟಿದ್ದವರು ಆಗಿನ್ನೂ ಹೆಸರು ಮಾಡುತ್ತಿದ್ದ ನಾಲ್ವರು ಲಿವರ್‌ಪೂಲ್ ತರುಣರು, ಬೀಟಲ್ಸ್! ಅದೇ ವರ್ಷ ಅಲೆನ್ ಆಸ್ಟ್ರೇಲಿಯಾಕ್ಕೆ ತೆರಳಿ, ಚಾನೆಲ್ ನೈನ್ ವಾಹಿನಿಯಲ್ಲಿ 'ಟುನೈಟ್ ವಿತ್ ಡೇವ್ ಅಲೆನ್' ಎಂಬ ಸಂದರ್ಶನ ಕಾರ್ಯಕ್ರಮದ ನಿರೂಪಕರಾಗಿ ಮನೆಮಾತಾದರು. ಒಮ್ಮೆ ಪೀಟರ್ ಕುಕ್ ಮತ್ತು ಡಡ್ಲಿ ಮೂರ್ ಎಂಬ ಪ್ರಸಿದ್ಧ ಹಾಸ್ಯಗಾರರೊಂದಿಗೆ ಮಾತುಕತೆ ರಂಗೇರಿದ್ದಾಗ, ಜಾಹೀರಾತಿಗೆ ಬಿಡುವು ಕೊಡುವಂತೆ ನಿರ್ಮಾಪಕರು ಸನ್ನೆ ಮಾಡಿದರಂತೆ. ಅಲೆನ್ ನೇರ ಪ್ರಸಾರದಲ್ಲೇ ಅವರಿಗೆ ಇಲ್ಲಿ ಬರೆಯಲಾಗದಂಥ ಸಲಹೆಯೊಂದನ್ನು ಕೊಟ್ಟುಬಿಟ್ಟರು. ಫಲ, ಆ ದೇಶದ ಕಿರುತೆರೆಯಿಂದ ಬಹಿಷ್ಕಾರ!

1964ರಲ್ಲಿ ಬ್ರಿಟನ್ನಿಗೆ ಮರಳಿದವರು ಮರುವರ್ಷ ವ್ಯಾಲ್ ಡೂನಿಕನ್ ಎಂಬ ಐರಿಷ್ ಗಾಯಕರ ಕಾರ್ಯಕ್ರಮದಲ್ಲಿ ಖಾಯಂ ಹಾಸ್ಯಗಾರರಾದರು. 1967ರಲ್ಲಿ ತಮ್ಮದೇ ಕಾರ್ಯಕ್ರಮ ಆರಂಭಿಸಿದರು. ಆದರೆ ಅವರ ಕೀರ್ತಿಯನ್ನು ಶಿಖರಕ್ಕೇರಿಸಿದ್ದು 1971ರಿಂದ 1979ರವರೆಗೆ ಬಿಬಿಸಿಯಲ್ಲಿ ಪ್ರಸಾರವಾದ 'ಡೇವ್ ಅಲೆನ್ ಅಟ್ ಲಾರ್ಜ್'.

ಆ ಕಾರ್ಯಕ್ರಮದ ಸ್ವರೂಪ ಅತಿ ಸರಳ. ಎತ್ತರದ ಕುರ್ಚಿ, ಒಪ್ಪವಾದ ಸೂಟು, ಬೆರಳ ನಡುವೆ ಸಿಗರೇಟು, ಪಕ್ಕದಲ್ಲಿ ವಿಸ್ಕಿಯೆಂದು ನೋಡುಗರು ನಂಬಿದ್ದ ಪಾನೀಯದ ಲೋಟ. ಲೋಟದಲ್ಲಿರುತ್ತಿದ್ದುದು ಶುಂಠಿಯ ಪಾನಕವಂತೆ. ಅಂದಿನ ಹಾಸ್ಯಗಾರರು ವೇದಿಕೆಯ ಮೇಲೆ ನಿಂತು ಒಂದರ ಹಿಂದೊಂದು ಚುಟುಕು ನಗೆಹನಿಗಳನ್ನು ಸಿಡಿಸುತ್ತಿದ್ದರೆ, ಅಲೆನ್ ಕುಳಿತು, ಅವಸರವಿಲ್ಲದೆ, ಕಥೆಯನ್ನು ಬೆಳೆಸುತ್ತ ಹೋಗುತ್ತಿದ್ದರು. ಅವರ ಎಡಗೈಯ ತೋರುಬೆರಳಿನ ತುದಿ ಇರಲಿಲ್ಲ. ಅದು ಹೇಗೆ ಹೋಯಿತೆಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳುತ್ತಿದ್ದರು. ದೆವ್ವದ ಕಥೆಗಳನ್ನು ಹೇಳುವಾಗ ಆ ಅರ್ಧ ಬೆರಳೇ ಒಂದು ಪಾತ್ರವಾಗಿಬಿಡುತ್ತಿತ್ತು. ಕಥೆಗಳ ನಡುನಡುವೆ ಕಿರುಪ್ರಹಸನಗಳು ಬರುತ್ತಿದ್ದವು. ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಕುಳಿತ ಪಾದ್ರಿ, ಸ್ಮಶಾನಕ್ಕೆ ಮೊದಲು ತಲುಪಲು ಪರಸ್ಪರ ಪಂದ್ಯ ಹೂಡುವ ಎರಡು ಶವಯಾತ್ರೆಗಳು, ಹೀಗೆ ಗಂಭೀರವೆನಿಸಿದ್ದೆಲ್ಲವೂ ಅಲ್ಲಿ ನಗೆಗೆ ವಸ್ತು.

ಪೋಪರ ವೇಷ ತೊಟ್ಟು ವ್ಯಾಟಿಕನ್ನಿನ ಮೆಟ್ಟಿಲುಗಳ ಮೇಲೆ ಸಂಗೀತಕ್ಕೆ ತಕ್ಕಂತೆ ನಿಲುವಂಗಿ ಕಳಚುತ್ತ ಕುಣಿದ ಪ್ರಹಸನ ಭಕ್ತರನ್ನು ಕೆರಳಿಸಿತು. ದೂರುಗಳು ಬಂದವು. 1977ರಲ್ಲಿ ಐರ್ಲೆಂಡಿನ ಸರ್ಕಾರಿ ಪ್ರಸಾರ ಸಂಸ್ಥೆ ಅವರ ಕಾರ್ಯಕ್ರಮಗಳ ಮೇಲೆ ಅಘೋಷಿತ ನಿಷೇಧವನ್ನೇ ಹೇರಿತು. ಪರದೇಶದಲ್ಲಿ ಕುಳಿತು, ಹಳೆಯ ಆಳರಸರ ಮುಂದೆ ತವರಿನ ಧರ್ಮವನ್ನು ನಗೆಪಾಟಲು ಮಾಡುತ್ತಾನೆ ಎಂಬ ನೋವು ಅವರ ನಾಡಿನವರಲ್ಲಿ ಮೂಡಿದ್ದರೆ ಅದು ಅಸಹಜವಲ್ಲ. ಮನೆಯ ಮಾತನ್ನು ಹೊರಗೆ ಆಡಬಾರದೆಂದು ನಮ್ಮ ಹಿರಿಯರೂ ಹೇಳಿದ್ದಾರಲ್ಲವೇ?

ಆದರೆ ಅವರ ನಗೆಯ ಗುರಿ ಯಾವುದಾಗಿತ್ತು ಎಂಬುದನ್ನು ಗಮನಿಸಬೇಕು. ಅವರು ಸ್ವತಃ ನಾಸ್ತಿಕರು. ದೇವರ ದಯೆಯಿಂದ ನಾನು ನಾಸ್ತಿಕ ಎಂದು ತಮಾಷೆ ಮಾಡುತ್ತಿದ್ದವರು. ಅವರು ಹೇಳುತ್ತಿದ್ದ ಕಥೆಯೊಂದು ಹೀಗಿದೆ. ಪೋಪರಿಗೂ ನಾಸ್ತಿಕನೊಬ್ಬನಿಗೂ ವಾದ ನಡೆಯುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕತ್ತಲ ಕೋಣೆಯಲ್ಲಿ, ಅಲ್ಲಿ ಇಲ್ಲದ ಕರಿಬೆಕ್ಕನ್ನು ಹುಡುಕುವವನಂತೆ ನೀನು ಎಂದು ಪೋಪರು ಛೇಡಿಸುತ್ತಾರೆ. ನಮ್ಮಿಬ್ಬರದೂ ಒಂದೇ ಪಾಡು, ಆದರೆ ತಮಗೆ ಆ ಬೆಕ್ಕು ಸಿಕ್ಕಿಬಿಟ್ಟಿದೆ ಎನ್ನುತ್ತಾನೆ ನಾಸ್ತಿಕ! ಇಲ್ಲಿ ದೇವರನ್ನು ನಂಬುವ ಬಡ ಮುದುಕಿಯ ಬಗ್ಗೆ ಕುಹಕವಿಲ್ಲ. ತನಗೆಲ್ಲವೂ ತಿಳಿದಿದೆಯೆಂದು ಗದ್ದುಗೆಯಿಂದ ಅಪ್ಪಣೆ ಕೊಡಿಸುವ ಅಧಿಕಾರದ ಬಗ್ಗೆ ಮಾತ್ರ ಕುಟುಕಿದೆ. ಶಾಲೆ, ಚರ್ಚು, ಸರ್ಕಾರ, ಕಚೇರಿ, ಯಾವುದೇ ರೂಪದ ದರ್ಪವನ್ನೂ ಅವರು ಬಿಡಲಿಲ್ಲ.

ಹಾಸ್ಯವೊಂದೇ ಅವರ ವ್ಯಾಪ್ತಿಯಾಗಿರಲಿಲ್ಲ. 1972ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಎಡ್ನಾ ಓಬ್ರಿಯನ್ ಅವರ ನಾಟಕದಲ್ಲಿ ಅಭಿನಯಿಸಿದರು. 'ಪೀಟರ್ ಪ್ಯಾನ್' ನಾಟಕದಲ್ಲಿ ಮ್ಯಾಗಿ ಸ್ಮಿತ್ ಅವರೊಂದಿಗೆ ಕಾಣಿಸಿಕೊಂಡರು. 1979ರಲ್ಲಿ ಅಲನ್ ಬೆನೆಟ್ ರಚಿಸಿದ ಕಿರುತೆರೆ ನಾಟಕವೊಂದರಲ್ಲಿ ಬದುಕಿನಿಂದ ಬೇಸತ್ತ ಮಧ್ಯವಯಸ್ಕನ ಪಾತ್ರ ನಿರ್ವಹಿಸಿದರು. ವಿಚಿತ್ರ ಸ್ವಭಾವದ ಇಂಗ್ಲಿಷರನ್ನು ಹುಡುಕಿ ಸಾಕ್ಷ್ಯಚಿತ್ರವನ್ನೂ ಮಾಡಿದರು. ಅಲ್ಲಿ ಯಾರನ್ನೂ ಅವರು ಗೇಲಿ ಮಾಡಲಿಲ್ಲ, ಕುತೂಹಲದಿಂದ ಕೇಳಿಸಿಕೊಂಡರು.

ಈಗ ಗಡಿಯಾರದ ಪ್ರಸಂಗಕ್ಕೆ ಮರಳೋಣ. ಗಡಿಯಾರ ಬಡಿದಾಗ ಏಳುತ್ತೇವೆ, ಗಡಿಯಾರ ನೋಡಿ ಕೆಲಸಕ್ಕೆ ಹೋಗುತ್ತೇವೆ, ಗಡಿಯಾರ ಹೇಳಿದಾಗ ಉಣ್ಣುತ್ತೇವೆ, ಮನೆಗೆ ಮರಳುತ್ತೇವೆ. ನಲವತ್ತು ವರ್ಷ ಹೀಗೆ ದುಡಿದವನಿಗೆ ನಿವೃತ್ತಿಯ ದಿನ ಕೊಡುವುದೇನು? ಗಡಿಯಾರ! ಇದು ಅವರ ಮಾತಿನ ಸಾರಾಂಶ. ಕೊನೆಯ ಸಾಲಿನಲ್ಲಿ ಸಿಟ್ಟಿನ ಭರಕ್ಕೆ ಸಭ್ಯರ ನಡುವೆ ಆಡಬಾರದ ಇಂಗ್ಲಿಷ್ ಪದವೊಂದು ಸೇರಿಕೊಂಡಿತ್ತು. ಸಂಸತ್ತಿನಲ್ಲಿ ಎದ್ದ ಪ್ರಶ್ನೆ ಆ ಪದವನ್ನು ಕುರಿತದ್ದು. ಒಬ್ಬ ಮನುಷ್ಯನ ನಲವತ್ತು ವರ್ಷಗಳು ಎಲ್ಲಿ ಹೋದವು ಎಂಬ ಮೂಲ ಪ್ರಶ್ನೆಗಿಂತ ಒಂದು ಬೈಗುಳವೇ ದೊಡ್ಡದಾಗಿ ಕಂಡದ್ದು ವಿಪರ್ಯಾಸ.

1996ರಲ್ಲಿ ಬ್ರಿಟಿಷ್ ಕಾಮಿಡಿ ಅವಾರ್ಡ್ಸ್ ಸಮಾರಂಭದಲ್ಲಿ ಅವರಿಗೆ ಜೀವಮಾನದ ಸಾಧನೆಗಾಗಿ ಪ್ರಶಸ್ತಿ ಸಂದಿತು. ಆ ವೇಳೆಗೆ ಅವರು ತೆರೆಯಿಂದ ಬಹುತೇಕ ದೂರ ಸರಿದು ಚಿತ್ರಕಲೆಯಲ್ಲಿ ಮಗ್ನರಾಗಿದ್ದರು. 2005ರ ಮಾರ್ಚ್ 10ರಂದು ಲಂಡನ್ನಿನ ಸ್ವಗೃಹದಲ್ಲಿ ನಿದ್ರೆಯಲ್ಲಿಯೇ ಕೊನೆಯುಸಿರೆಳೆದರು. ಆಗ ಅವರಿಗೆ ಅರವತ್ತೆಂಟು ವರ್ಷ.

ಅವರ ತವರು ಬದಲಾಗುತ್ತಲೇ ಇತ್ತು. ಚರ್ಚಿನ ವಿಶೇಷ ಸ್ಥಾನವನ್ನು 1972ರ ಜನಮತಗಣನೆ ತೆಗೆದುಹಾಕಿತ್ತು. ವಿಚ್ಛೇದನದ ನಿಷೇಧ 1995ರ ಜನಮತಗಣನೆಯಿಂದ ಕೊನೆಗೊಂಡಿತು. 2009ರಲ್ಲಿ ಸರ್ಕಾರಿ ತನಿಖಾ ಆಯೋಗವೊಂದು, ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಮಕ್ಕಳ ಸಂಸ್ಥೆಗಳಲ್ಲಿ ದಶಕಗಳ ಕಾಲ ನಡೆದ ಹೊಡೆತ, ದೌರ್ಜನ್ಯಗಳನ್ನು ಸಂಪುಟಗಟ್ಟಲೆ ದಾಖಲಿಸಿತು. ಶಾಲೆಯ ಬಾಗಿಲಲ್ಲಿ ನಡುಗುವ ಮಗುವಿನ ಕಥೆಗೆ ದೇಶ ನಗುತ್ತಿದ್ದಾಗ, ಅದೆಷ್ಟು ಮಕ್ಕಳು ನಿಜವಾಗಿಯೂ ನಡುಗುತ್ತಿದ್ದರೋ! ಗಂಭೀರವಾಗಿ ಆಡಲು ಯಾರೂ ಧೈರ್ಯ ಮಾಡದಿದ್ದ ಮಾತನ್ನು ಹಾಸ್ಯಗಾರನೊಬ್ಬ ಆಡಿದ್ದ. ಆ ವರದಿಯನ್ನು ಕಾಣಲು ಅವರು ಉಳಿದಿರಲಿಲ್ಲ.

ಪ್ರತಿ ಕಾರ್ಯಕ್ರಮದ ಕೊನೆಯಲ್ಲಿ ಡೇವ್ ಅಲೆನ್ ಲೋಟವನ್ನೆತ್ತಿ ಶುಭರಾತ್ರಿ ಕೋರಿ, ವಂದಿಸಿ, ನಿಮ್ಮ ನಿಮ್ಮ ದೇವರು ನಿಮ್ಮ ಜೊತೆಗಿರಲಿ ಎಂದು ಹಾರೈಸುತ್ತಿದ್ದರು. ತಾನು ನಂಬದ ದೇವರನ್ನು ನಂಬುವವರ ಪಾಲಿಗೆ ಬಿಟ್ಟುಕೊಡುವ ಈ ಸೌಜನ್ಯವೇ ಅವರ ನಗೆಗೂ ಬರಿಯ ನಿಂದೆಗೂ ನಡುವಿನ ಗೆರೆ. ಆ ಗೆರೆಯನ್ನು ಬಲ್ಲ ನಗೆ ನಮ್ಮ ಮನೆಗಳಲ್ಲಿ, ಸಭೆಗಳಲ್ಲಿ ಇನ್ನಷ್ಟು ಕೇಳಿಬರಲಿ. ನಮ್ಮ ನಿವೃತ್ತಿಗೆ ಇನ್ನು ಕೆಲವೇ ವರ್ಷಗಳಿವೆ. ಅಂದು ಗಡಿಯಾರವೊಂದನ್ನು ಬಿಟ್ಟು ಬೇರೇನನ್ನಾದರೂ ಕೊಡಿರೆಂದು ಸಹೋದ್ಯೋಗಿಗಳಿಗೆ ಈಗಲೇ ಹೇಳಿಟ್ಟಿದ್ದೇವೆ.